ನಮಗೆ ಶಾಲು ಬೇಡ, ಪ್ರಶ್ನೆ ಕೇಳಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ, ಅಧ್ಯಾಪಕ ಅಧ್ಯಾಪಕಿಯರಿಗೆ ಮತ್ತು ಕಚೇರಿ ಸಿಬ್ಬಂದಿಗೆ,

ಸವಿನಯ ನಮಸ್ಕಾರಗಳು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಎ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಇತಿಹಾಸ ಮತ್ತು ಸಮಾಜಶಾಸ್ತ್ರ ನನ್ನ ವಿಷಯಗಳು. ವಯಸ್ಸು 45. ತವರು ಮೊಳಕಾಲ್ಮುರು ಸೀಮೆ. 1998ರಲ್ಲಿ ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಈ ಊರಿಗೆ ಬಂದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು, ರವಿಕೆ ಚೂಡಿದಾರ ಹೊಲಿದು ಸಂಸಾರಕ್ಕೆ ಕೈಜೋಡಿಸುತ್ತ ಬಂದವಳು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, 2024ರಲ್ಲಿ, ಅರ್ಧಕ್ಕೆ ನಿಂತಿದ್ದ ನನ್ನ ಓದನ್ನು ಮತ್ತೆ ಕೈಗೆತ್ತಿಕೊಂಡೆ.

ನನ್ನಂಥವರು ನಿಮ್ಮ ಕಾಲೇಜುಗಳಲ್ಲೂ ಇದ್ದಾರೆ. ಸೈನ್ಯದಿಂದ ನಿವೃತ್ತರಾಗಿ ಬಂದು ಬಿ.ಕಾಂ.ಗೆ ಸೇರಿದ ಹೊಸದುರ್ಗದ ಕಡೆಯವರೊಬ್ಬರು, ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಜಾವದ ಕೆಲಸ ಮುಗಿಸಿಕೊಂಡು ತರಗತಿಗೆ ಬರುವ ಮೂವತ್ತೆಂಟರ ಒಬ್ಬ ತಮ್ಮ, ಇಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು ಹರಿಹರದಿಂದ ಬಸ್ಸು ಹಿಡಿಯುವ ಒಬ್ಬ ತಂಗಿ. ಬಸ್‌ಸ್ಟ್ಯಾಂಡಿನಲ್ಲಿ, ಜೆರಾಕ್ಸ್ ಅಂಗಡಿಯ ಮುಂದೆ, ಪರೀಕ್ಷೆ ದಿನ ವರಾಂಡದಲ್ಲಿ ಸಿಕ್ಕಾಗ ಮಾತಾಡಿಕೊಳ್ಳುತ್ತೇವೆ. ಬೇರೆ ಬೇರೆ ಕಾಲೇಜಿನವರಾದರೂ ಹೇಳುವ ಮಾತು ಒಂದೇ ಇರುತ್ತದೆ. ಅದನ್ನು ಯಾರಾದರೂ ನಿಮ್ಮ ಕಿವಿಗೆ ಹಾಕಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಮುಖ್ಯ ವಿಷಯ. ನೀವು ನಮಗೆ ಮರ್ಯಾದೆ ಕೊಡುತ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮರ್ಯಾದೆಯ ಭರದಲ್ಲಿ ನಮಗೆ ಪಾಠ ಹೇಳುವುದನ್ನು ಕಡಿಮೆ ಮಾಡುತ್ತಿದ್ದೀರಿ.

ಮೊದಲ ವರ್ಷದ ವಾರ್ಷಿಕೋತ್ಸವದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟು, ‘ಇವರು ನಮಗೆಲ್ಲ ಸ್ಫೂರ್ತಿ’ ಎಂದರು. ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು, ನನಗೂ ಕಣ್ಣು ತುಂಬಿ ಬಂತು. ಅದೇ ತಿಂಗಳು ತರಗತಿಯಲ್ಲಿ ಸೆಮಿನಾರ್ ವಿಷಯ ಹಂಚುತ್ತಿದ್ದರು. ಬೆಂಚಿನ ಸಾಲು ಹಿಡಿದು ಒಬ್ಬೊಬ್ಬರಿಗೂ ಒಂದೊಂದು ವಿಷಯ ಕೊಡುತ್ತ ಬಂದ ಅಧ್ಯಾಪಕರು ನನ್ನ ಹತ್ತಿರ ಬಂದಾಗ, ‘ನಿಮಗೆ ಬೇಡ ಬಿಡ್ರಿ ಅಮ್ಮಾ, ಸುಮ್ನೆ ತೊಂದ್ರೆ ಯಾಕೆ, ಮಾರ್ಕ್ಸ್ ಹಾಕ್ತೀನಿ’ ಎಂದು ಮುಂದಿನ ಹುಡುಗಿಯ ಕಡೆ ತಿರುಗಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಕನಿಕರವೇ ಇರಬೇಕು. ಆದರೆ ನಾನು ಇಪ್ಪತ್ತಾರು ವರ್ಷ ಕಾದಿದ್ದು ಹಾಗೆ ಎದ್ದು ನಿಂತು ನಾಲ್ಕು ಜನರ ಮುಂದೆ ಒಂದು ವಿಷಯ ಮಾತಾಡುವುದಕ್ಕೇ. ಮಾರನೇ ದಿನ ಸ್ಟಾಫ್ ರೂಮಿಗೆ ಹೋಗಿ ಕೇಳಿ ವಿಷಯ ಪಡೆದುಕೊಂಡೆ. ಎಲ್ಲರಿಗೂ ಹಾಗೆ ಹೋಗಿ ಕೇಳುವ ಧೈರ್ಯ ಇರುವುದಿಲ್ಲ.

ಕಿರುಪರೀಕ್ಷೆಯ ಉತ್ತರ ಪತ್ರಿಕೆಯಲ್ಲೂ ಇದೇ ಕಥೆ. ನನ್ನ ಪಕ್ಕ ಕೂರುವ ಹುಡುಗಿ ಜಗಳೂರು ಕಡೆಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಅವಳ ಹಾಳೆಯ ತುಂಬ ಕೆಂಪು ಶಾಯಿ: ‘ಇಲ್ಲಿ ಉದಾಹರಣೆ ಕೊಡು’, ‘ಕಾರಣ, ಪರಿಣಾಮ ಎರಡೂ ಕಲಸಿಹೋಗಿವೆ, ಬೇರೆ ಮಾಡಿ ಬರೆ’, ‘ಪೀಠಿಕೆ ಉದ್ದವಾಯಿತು’. ನನ್ನ ಹಾಳೆಯ ಮೇಲೆ ಒಂದೇ ಪದ, ‘ಚೆನ್ನಾಗಿದೆ’. ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಓದಿದೆ. ನನ್ನದರಲ್ಲೂ ಪೀಠಿಕೆ ಅಷ್ಟೇ ಉದ್ದ ಇತ್ತು. ಅವಳಿಗೆ ಸಿಕ್ಕ ತಿದ್ದುಪಡಿಗಳನ್ನು ನನ್ನ ನೋಟ್‌ಬುಕ್ಕಿಗೆ ಬರೆದುಕೊಂಡೆ. ಮುಂದಿನ ಪರೀಕ್ಷೆಗೆ ಇಬ್ಬರ ಉತ್ತರವೂ ಸುಧಾರಿಸಿತ್ತು, ಅವಳಿಗೆ ಹೇಳಿದ್ದರಿಂದ. ಅವಳು ಪಕ್ಕದಲ್ಲಿ ಇಲ್ಲದೇ ಹೋಗಿದ್ದರೆ ‘ಚೆನ್ನಾಗಿದೆ’ ಎಂಬ ಪದ ನನಗೆ ಏನನ್ನೂ ಕಲಿಸುತ್ತಿರಲಿಲ್ಲ.

ಇದಕ್ಕೆ ಪೂರ್ತಿ ಬೇರೆಯಾದ ಒಂದು ತರಗತಿಯನ್ನೂ ಹೇಳಲೇಬೇಕು, ಯಾಕೆಂದರೆ ನಾನು ಕೇಳುತ್ತಿರುವುದು ಆಗದ ಕೆಲಸವಲ್ಲ. ಇತಿಹಾಸದಲ್ಲಿ ಅಶೋಕನ ಶಾಸನಗಳ ಪಾಠ ನಡೆದಿತ್ತು. ಪಾಠ ಮಾಡುತ್ತಿದ್ದವರು ಅತಿಥಿ ಉಪನ್ಯಾಸಕಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆಯ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿವೆ, 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆಹಚ್ಚಿದರು ಎಂದು ಹೇಳಿದವರು, ‘ಆ ಕಡೆಯವರು ಯಾರಾದರೂ ಇದ್ದೀರಾ?’ ಎಂದು ಕೇಳಿದರು. ಕೈ ಎತ್ತಿದೆ. ‘ಹೇಳಿ’ ಎಂದು ಸುಮ್ಮನೆ ನಿಂತರು. ಜಟಿಂಗ ರಾಮೇಶ್ವರದ ಬೆಟ್ಟ ನಾನು ಸಣ್ಣವಳಿದ್ದಾಗಿನಿಂದ ಹತ್ತಿ ಇಳಿದ ಬೆಟ್ಟ. ಶಾಸನ ಇರುವ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು, ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು ಎಂದು. ಅದನ್ನು ಹೇಳಿದೆ. ಕಲ್ಲಿನ ಮೇಲಿನ ಬರಹವೆಂದರೆ ನಿಧಿಯ ಗುರುತು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದನ್ನೂ ಹೇಳಿದೆ.

ಅವರು ಅದಕ್ಕೆ ‘ತುಂಬಾ ಚೆನ್ನಾಗಿ ಹೇಳಿದ್ರಿ’ ಎಂದು ಕೂರಿಸಲಿಲ್ಲ. ‘ಬರಹ ಕಂಡರೆ ನಿಧಿ ಅಂತ ಜನ ಯಾಕೆ ಅಂದುಕೊಳ್ಳುತ್ತಿದ್ದರು? ಓದಲು ಬಾರದ ಲಿಪಿಗೂ ಈ ನಂಬಿಕೆಗೂ ಏನು ಸಂಬಂಧ? ಯೋಚನೆ ಮಾಡಿ ಎರಡು ಪುಟ ಬರೆದು ತನ್ನಿ’ ಎಂದರು. ಬರೆದುಕೊಂಡು ಹೋದೆ. ಅರ್ಧಕ್ಕರ್ಧ ತಿದ್ದಿ, ಅಂಚಿನಲ್ಲಿ ಪ್ರಶ್ನೆ ಹಾಕಿ ವಾಪಸ್ ಕೊಟ್ಟರು. ನಾನು ವಿದ್ಯಾರ್ಥಿನಿ ಎಂದು ನನಗೆ ಖಾತ್ರಿಯಾದದ್ದು ಆ ಹಾಳೆ ಕೈಗೆ ಬಂದಾಗ. ಅದೇ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದರ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದೂ ಇದೆ. ಶಿಷ್ಯನ ವಯಸ್ಸು ಎಷ್ಟಿರಬೇಕು ಎಂಬ ಮಾತು ಅಲ್ಲಿಲ್ಲ. ನಿಮ್ಮಲ್ಲಿ ಅನೇಕರು ನನಗಿಂತ ಕಿರಿಯರು. ತರಗತಿಯ ಒಳಗೆ ನೀವು ನನ್ನ ಗುರುಗಳು. ದಯವಿಟ್ಟು ಆ ಸ್ಥಾನದಲ್ಲಿ ನಿಂತೇ ನನ್ನ ಜೊತೆ ಮಾತಾಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ಬೀದಿಯಲ್ಲಿ, ಮದುವೆ ಮನೆಯಲ್ಲಿ, ಒಮ್ಮೊಮ್ಮೆ ಕಾಲೇಜಿನಲ್ಲೂ ಕೇಳುತ್ತಾರೆ: ಈ ವಯಸ್ಸಿನಲ್ಲಿ ಓದಿದ್ದು ತಲೆಗೆ ಹತ್ತುತ್ತದಾ? ಮನಃಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಶಕ್ತಿಯನ್ನು ಎರಡು ಬಗೆಯಾಗಿ ನೋಡಿದರು. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ಒಂದು, ಬದುಕಿನಲ್ಲಿ ಕೂಡಿಟ್ಟ ತಿಳಿವಳಿಕೆ, ಪದಸಂಪತ್ತು ಇನ್ನೊಂದು. ಮೊದಲನೆಯದು ಹರೆಯ ದಾಟಿದ ಮೇಲೆ ನಿಧಾನವಾಗಿ ಇಳಿಯುತ್ತದೆ, ಎರಡನೆಯದು ನಡುವಯಸ್ಸು ದಾಟಿಯೂ ಬೆಳೆಯುತ್ತದೆ. ನನ್ನ ಅನುಭವವೂ ಹಾಗೆಯೇ ಇದೆ. ಇಸವಿ, ಹೆಸರು, ಪಟ್ಟಿ ಬಾಯಿಪಾಠ ಮಾಡುವುದರಲ್ಲಿ ಹುಡುಗಿಯರ ಸಮಕ್ಕೆ ನಿಲ್ಲಲಾರೆ. ಅದೇ ಸಮಾಜಶಾಸ್ತ್ರದಲ್ಲಿ ಕುಟುಂಬ, ವರದಕ್ಷಿಣೆ, ಜಾತಿ, ವಲಸೆ ಎಂಬ ಪಾಠ ಬಂದರೆ ಪುಸ್ತಕದ ಪ್ರತಿ ವಾಕ್ಯಕ್ಕೂ ನನ್ನ ಬಳಿ ಒಂದು ಮನೆಯ ಉದಾಹರಣೆ ಇರುತ್ತದೆ. ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದ ದಾವಣಗೆರೆಯನ್ನು ನಮ್ಮ ಬೀದಿಯ ಸಂಸಾರಗಳ ಮೂಲಕ ಬಲ್ಲೆ. ಕೈಗಾರಿಕೆ ನಿಂತರೆ ಕುಟುಂಬಕ್ಕೆ ಏನಾಗುತ್ತದೆ ಎಂದು ಕೇಳಿ ನೋಡಿ, ನಾನು ಮಾತ್ರವಲ್ಲ, ಆ ಭಟ್ಟಿಯ ತಮ್ಮನೂ ಉತ್ತರ ಹೇಳುತ್ತಾನೆ.

ನಿಜವಾದ ಕಷ್ಟ ಬೇರೆ ಇವೆ. ಅವು ಸಣ್ಣವಾಗಿ ಕಾಣುತ್ತವೆ, ಆದ್ದರಿಂದ ಯಾರೂ ಹೇಳಿಕೊಳ್ಳುವುದಿಲ್ಲ.

ಒಂದು, ಕೈ. ಮೂರು ಗಂಟೆ ಬಿಡದೆ ಬರೆಯುವ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾಗಿರುತ್ತದೆ. ಕತ್ತರಿ ಹಿಡಿದು ಗಟ್ಟಿಯಾದ ನನ್ನ ಬೆರಳು ಪೆನ್ನು ಹಿಡಿದರೆ ಅರ್ಧ ಗಂಟೆಗೆ ಮರಗಟ್ಟುತ್ತಿತ್ತು. ಮೊದಲ ಸೆಮಿಸ್ಟರ್ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಕೊನೆಯ ಪ್ರಶ್ನೆಗೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಆಮೇಲೆ ದಿನಾ ರಾತ್ರಿ ಗಡಿಯಾರ ಮುಂದಿಟ್ಟುಕೊಂಡು ಬರೆದು ಬರೆದು ಕೈ ಪಳಗಿಸಿದೆ. ಓದಿಗೆ ಮರಳುವವರಿಗೆ ಯಾರಾದರೂ ಮೊದಲ ವಾರದಲ್ಲೇ ಇದನ್ನು ಹೇಳಿಕೊಡಬೇಕು: ಓದುವುದು ಇರಲಿ, ಮೊದಲು ಬರೆಯುವುದನ್ನು ಶುರು ಮಾಡಿ ಎಂದು.

ಇನ್ನೊಂದು, ಕಣ್ಣು. ನಲವತ್ತರ ಮೇಲೆ ಚಾಳೀಸು ಬರದವರು ಅಪರೂಪ. ಹಲಗೆ ನೋಡಲು ಕನ್ನಡಕ ತೆಗೆಯಬೇಕು, ನೋಟ್ಸ್ ಬರೆಯಲು ಹಾಕಬೇಕು. ಪ್ರೊಜೆಕ್ಟರಿನಲ್ಲಿ ಒಂದು ಪುಟಕ್ಕೆ ಮೂವತ್ತು ಸಾಲು ತುಂಬಿ ಒಂದು ನಿಮಿಷ ತೋರಿಸಿದರೆ ನಮಗೆ ಸಿಗುವುದು ಮೊದಲ ಐದು ಸಾಲು. ನೋಟ್ಸನ್ನು ಪಿಡಿಎಫ್ ಮಾಡಿ ಮೊಬೈಲಿಗೆ ಕಳಿಸಿದರೆ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡೇ ಓದಬೇಕು. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಕಳಿಸಿದರೆ ಹಿಂದಿನ ಬೆಂಚಿನ ಹುಡುಗರಿಗೂ ಅನುಕೂಲ. ಶೌಚಾಲಯದ ವಿಷಯವನ್ನೂ ಮುಜುಗರವಿಲ್ಲದೆ ಹೇಳುತ್ತೇನೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸಿಗೆ ಯಾವ ದಿನ, ಯಾವ ಹೊತ್ತು ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಬೀಗ ಹಾಕಿದ ಶೌಚಾಲಯದ ಬೀಗದ ಕೈ ಕೇಳಿಕೊಂಡು ಗಂಡಸರು ಕೂತ ಕಚೇರಿಗೆ ಹೋಗುವಂತೆ ಮಾಡಬೇಡಿ.

ಎಲ್ಲಕ್ಕಿಂತ ದೊಡ್ಡದು ಹೊತ್ತು. ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ನೀರು ಬಿಡುವ ದಿನ ಯಾರಾದರೂ ಒಬ್ಬರು ಮನೆಯಲ್ಲಿ ಇರಲೇಬೇಕು. ಡ್ರಮ್ಮು, ಕೊಡ, ಸಂಪು ತುಂಬಿದರೆ ಮಾತ್ರ ಮುಂದಿನ ಬಾರಿಯ ತನಕ ಮನೆ ನಡೆಯುತ್ತದೆ. ಆ ಒಬ್ಬರು ಯಾರು ಎಂದು ಬೇರೆ ಹೇಳಬೇಕಿಲ್ಲ. ಬೆಳಿಗ್ಗೆ ಒಂಬತ್ತೂವರೆಯ ಮೊದಲ ತರಗತಿ ಅಂದು ತಪ್ಪುತ್ತದೆ. ನೆಂಟರಲ್ಲಿ ಸಾವಾದರೆ ಮಕ್ಕಳು ಹೋಗದಿದ್ದರೂ ನಡೆಯುತ್ತದೆ, ನಮ್ಮ ವಯಸ್ಸಿನ ಹೆಂಗಸು ಹೋಗದಿದ್ದರೆ ವರ್ಷಗಟ್ಟಲೆ ಮಾತು ಬರುತ್ತದೆ. ಅತ್ತೆಗೆ ಜ್ವರ, ಮದುವೆ ಸೀಸನ್ನಿನಲ್ಲಿ ನಾಳೆಗೇ ಬೇಕು ಎನ್ನುವ ರವಿಕೆ, ಮಗಳ ನಿಶ್ಚಿತಾರ್ಥ. ಹಾಜರಾತಿ ಶೇ 75 ಇರಲೇಬೇಕು ಎಂಬ ನಿಯಮವನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ತರಗತಿಗೆ ಬರುವುದಕ್ಕೆ ಅಂತಲೇ ಸೇರಿದವರು ನಾವು. ನಾವು ಕೇಳುವುದು ಮುಂಚಿತವಾಗಿ ತಿಳಿಸಿ ಎಂದು. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಇಂಟರ್ನಲ್ಸ್ ಇದೆ’ ಎಂದು ಬಂದರೆ ಹಾಸ್ಟೆಲಿನ ಹುಡುಗಿ ರಾತ್ರಿಯೆಲ್ಲ ಕೂತು ಓದುತ್ತಾಳೆ. ನಾನು ಆ ಹೊತ್ತಿಗೆ ಬೆಳಗಿನ ಅಡುಗೆಗೆ ಹಿಟ್ಟು ರುಬ್ಬಿಟ್ಟು ಮಲಗಿರುತ್ತೇನೆ, ಬೆಳಿಗ್ಗೆ ಎದ್ದು ಮೊಬೈಲು ನೋಡುವ ಹೊತ್ತಿಗೆ ಪರೀಕ್ಷೆಗೆ ಮೂರು ಗಂಟೆ ಉಳಿದಿರುತ್ತದೆ. ಹದಿನೈದು ದಿನ ಮೊದಲು ನೋಟಿಸ್ ಬೋರ್ಡಿನಲ್ಲಿ ದಿನಾಂಕ ಹಾಕಿದರೆ ಸಾಕು, ಸಾವು ಜ್ವರ ಬಿಟ್ಟು ಉಳಿದದ್ದನ್ನೆಲ್ಲ ನಾವು ಹೊಂದಿಸಿಕೊಳ್ಳುತ್ತೇವೆ. ಮನೆ ನಡೆಸಿದವರಿಗೆ ಹೊಂದಿಸುವುದನ್ನು ಯಾರೂ ಕಲಿಸಬೇಕಿಲ್ಲ.

ಬಸ್ಸಿನ ಮಾತು ಸ್ವಲ್ಪ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗದೇ ಇದ್ದಿದ್ದರೆ ಹರಿಹರದ ಆ ತಂಗಿ ಕಾಲೇಜಿನ ಮುಖ ನೋಡುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳನ್ನೇ ನಂಬಿದ ಹಳ್ಳಿಗಳು ಬಹಳ. ಅಲ್ಲಿಂದ ಬರುವ ಹೆಂಗಸರಿಗೆ ಉಚಿತ ಪ್ರಯಾಣ ಹೆಸರಿಗಷ್ಟೇ. ಕೆಲವರು ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಬಸ್ ಚಾರ್ಜು, ಪರೀಕ್ಷಾ ಶುಲ್ಕ ಎರಡನ್ನೂ ನಿಭಾಯಿಸುತ್ತಿದ್ದಾರೆ. ತರಗತಿಯ ವೇಳೆಯನ್ನು ಬಸ್ಸಿನ ವೇಳೆಗೆ ಹೊಂದಿಸುವುದು ನಿಮ್ಮ ಕೈಯಲ್ಲಿದೆ.

ಕಚೇರಿ ಸಿಬ್ಬಂದಿಗೆ ಒಂದು ವಿಷಯ ಬಿಡಿಸಿ ಹೇಳಬೇಕು, ಇದು ಮದುವೆಯಾದ ಮೇಲೆ ಓದಲು ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಗೋಳು. ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ತವರೂರು ಮತ್ತು ಅಪ್ಪನ ಇನಿಷಿಯಲ್ ಇದೆ. ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂರನೇ ತರಹ ಇದೆ. ಈಗ ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಆನ್‌ಲೈನ್. ಒಂದು ಅಕ್ಷರ ಹೊಂದದಿದ್ದರೂ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ‘ಆಧಾರ್ ಸರಿ ಮಾಡಿಸ್ಕೊಂಡು ಬನ್ನಿ’ ಎನ್ನುತ್ತೀರಿ. ಆಧಾರ್ ಬದಲಾಯಿಸಿದರೆ ರೇಷನ್ ಕಾರ್ಡು, ಬ್ಯಾಂಕು, ಗೃಹಲಕ್ಷ್ಮಿ ಅಲ್ಲಾಡುತ್ತವೆ. ಜೊತೆಗೆ ಇಷ್ಟು ವರ್ಷ ಓದು ಯಾಕೆ ನಿಂತಿತ್ತು ಎಂದು ನೋಟರಿ ಮುಂದೆ ಅಫಿಡವಿಟ್, ಕಳೆದುಹೋದ ಟಿ.ಸಿ.ಗೆ ಹಳೆಯ ಕಾಲೇಜಿನಿಂದ ನಕಲು ಪ್ರತಿ. ಹದಿನೆಂಟರ ಹುಡುಗಿಗೆ ಇದ್ಯಾವುದೂ ಬರುವುದಿಲ್ಲವಾದ್ದರಿಂದ ಕಚೇರಿಯಲ್ಲಿ ಇದಕ್ಕೆ ಸಿದ್ಧ ಉತ್ತರ ಇರುವುದಿಲ್ಲ. ಒಬ್ಬರು ಒಂದು ಹೇಳುತ್ತಾರೆ, ಮಾರನೇ ದಿನ ಇನ್ನೊಬ್ಬರು ಬೇರೆ ಹೇಳುತ್ತಾರೆ. ಪ್ರವೇಶದ ಕೊನೆ ದಿನ ಹತ್ತಿರವಾದಂತೆ ಎಷ್ಟೋ ಹೆಂಗಸರು ಇಲ್ಲಿಂದಲೇ ಮನೆಗೆ ವಾಪಸಾಗುತ್ತಾರೆ, ತರಗತಿಯ ಒಳಗೆ ಕಾಲಿಡುವ ಮೊದಲೇ. ಯಾವ ಯಾವ ಕಾಗದ ಬೇಕು, ಯಾವ ಕ್ರಮದಲ್ಲಿ ಮಾಡಿಸಬೇಕು ಎಂದು ಒಂದೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ಅರ್ಧ ಗೋಳು ಅಲ್ಲಿಗೇ ಮುಗಿಯುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕಟ್ಟಬಾರದಿತ್ತೇ ಎಂದು ಕೇಳುವವರಿದ್ದಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ನಡೆದುಬಂದಿದೆ. ನೌಕರಿ ಬಿಡಲಾಗದ, ಮನೆ ಬಿಡಲಾಗದ ಅದೆಷ್ಟೋ ಜನರಿಗೆ ಅದು ಪದವಿ ಕೊಟ್ಟಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಯಾರಿಗೆ ಅದು ಹೊಂದುತ್ತದೋ ಅವರು ಅಲ್ಲೇ ಓದಲಿ. ನನಗೆ ಬೇಕಿದ್ದದ್ದು ತರಗತಿ. ಪಕ್ಕದಲ್ಲೊಬ್ಬಳು ಕೂತು, ಎದುರಿಗೊಬ್ಬರು ನಿಂತು, ಅರ್ಥವಾಗದ್ದನ್ನು ಆ ಕ್ಷಣವೇ ಕೇಳಿ, ಅವರು ಹೇಳಿದ್ದಕ್ಕೆ ನಾನು ಒಪ್ಪದೇ ಇನ್ನೊಂದು ಪ್ರಶ್ನೆ ಹಾಕುವ ತರಗತಿ. ಪಿಯುಸಿ ಮುಗಿದ ವರ್ಷ ಕಳೆದುಕೊಂಡದ್ದು ಅದನ್ನೇ. ಮನೆಯಲ್ಲಿ ಕೂತು ಓದಿ ಪಾಸಾಗುವುದನ್ನು ಅದರ ಬದಲಿಗೆ ಕೊಟ್ಟರೆ ನನಗೆ ಸಮಾಧಾನವಾಗುವುದಿಲ್ಲ.

ಸರ್ಕಾರದ ಲೆಕ್ಕದಲ್ಲೂ ನಮ್ಮ ಜಾಗ ವಿಚಿತ್ರವಾಗಿದೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಲ್ಲಿ ಒಟ್ಟು ದಾಖಲಾತಿ ಅನುಪಾತ ಎಂದೊಂದು ಅಂಕಿ ಬರುತ್ತದೆ. 2021–22ರಲ್ಲಿ ದೇಶಕ್ಕೆ ಅದು 28.4, ಕರ್ನಾಟಕಕ್ಕೆ 36.2. ಕಾಲೇಜಿನಲ್ಲಿರುವ ಎಲ್ಲ ವಯಸ್ಸಿನವರನ್ನೂ ಕೂಡಿಸಿ, 18ರಿಂದ 23 ವರ್ಷದವರ ಜನಸಂಖ್ಯೆಗೆ ಶೇಕಡಾ ಎಷ್ಟು ಎಂದು ನೋಡಿದರೆ ಸಿಗುವ ಅಂಕಿ ಇದು. ಅಂದರೆ ಸೇರಿದವರ ಲೆಕ್ಕದಲ್ಲಿ ನಾನಿದ್ದೇನೆ, ಸೇರಬಹುದಾದವರ ಲೆಕ್ಕದಲ್ಲಿ ಇಲ್ಲ. ಅಕ್ಷರ ಕಲಿಸುವ ಮಟ್ಟಿಗೆ ವಯಸ್ಕರು ಯಾವತ್ತೂ ಸರ್ಕಾರದ ಕಣ್ಣಿಗೆ ಬಿದ್ದಿದ್ದಾರೆ. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಬಂತು. ನನ್ನಜ್ಜಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತದ್ದು ನಮ್ಮೂರ ರಾತ್ರಿ ಶಾಲೆಯಲ್ಲಿ. ಈಗಲೂ 15 ವರ್ಷ ದಾಟಿದವರಿಗೆ ಓದು ಬರಹ ಕಲಿಸಲು 2022ರಿಂದ 2027ರ ತನಕದ ಕಾರ್ಯಕ್ರಮ ನಡೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಯಸ್ಕರ ಶಿಕ್ಷಣ ಮತ್ತು ಜೀವನಪರ್ಯಂತ ಕಲಿಕೆಗೆಂದೇ ಒಂದು ಅಧ್ಯಾಯ ಇದೆ. ಆದರೆ ಅಜ್ಜಿ ಸಹಿ ಹಾಕಲು ಕಲಿತರೆ ಸಂತೋಷಪಡುವ ಊರು, ಮೊಮ್ಮಗಳು ನಲವತ್ತು ದಾಟಿ ಡಿಗ್ರಿಗೆ ಹೋದರೆ ಯಾಕೆ ಎಂದು ಕೇಳುತ್ತದೆ. ಕಾಲೇಜಾದರೂ ಹಾಗೆ ಕೇಳಬಾರದು.

ಇತಿಹಾಸದ ವಿದ್ಯಾರ್ಥಿನಿಯಾಗಿ ಒಂದು ಉದಾಹರಣೆ ಕೊಡುತ್ತೇನೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944ರಲ್ಲಿ, ಅಮೆರಿಕದಲ್ಲಿ ಮರಳಿ ಬಂದ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಹೊರುವ ಕಾನೂನು ಬಂತು. ಯುದ್ಧ ಕಂಡವರು, ಮದುವೆಯಾದವರು, ಮಕ್ಕಳೊಂದಿಗರು ಕಾಲೇಜುಗಳಿಗೆ ನುಗ್ಗಿದರು. 1947ರಲ್ಲಿ ಅಲ್ಲಿನ ಕಾಲೇಜು ಸೇರಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಇವರೇ. ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಜೇಮ್ಸ್ ಕೋನಂಟ್‌ಗೆ ಇದರಿಂದ ವಿದ್ಯೆಯ ಮಟ್ಟ ಕುಸಿಯುತ್ತದೆ ಎಂಬ ಭಯ ಇತ್ತು. ಎರಡೇ ವರ್ಷದಲ್ಲಿ ಅವರೇ, ಹಾರ್ವರ್ಡ್ ಕಂಡ ವಿದ್ಯಾರ್ಥಿಗಳಲ್ಲೆಲ್ಲ ಇವರೇ ಹೆಚ್ಚು ಪಕ್ವವಾದವರು ಎಂದು ಒಪ್ಪಿಕೊಂಡರು. ಆ ಸೈನಿಕರಿಗೆ ಅಲ್ಲಿ ಯಾರೂ ಪಾಠ ಮಾಫಿ ಮಾಡಿರಲಿಲ್ಲ. ಇರಲು ಜಾಗ, ಖರ್ಚಿಗೆ ಹಣ ಕೊಟ್ಟು, ಉಳಿದವರ ಜೊತೆ ಕೂರಿಸಿ ಓದಿಸಿದರು. ಹೊಸದುರ್ಗದ ನಮ್ಮ ಮಾಜಿ ಸೈನಿಕರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಜೊತೆಯ ಹುಡುಗ ಹುಡುಗಿಯರ ಬಗ್ಗೆ ಹೇಳದೆ ಈ ಪತ್ರ ಮುಗಿಯುವುದಿಲ್ಲ. ಮೊದಲ ದಿನ ನಾನು ಒಳಗೆ ಹೋದಾಗ ಹೊಸ ಮೇಡಂ ಬಂದರೆಂದು ಎಲ್ಲರೂ ಎದ್ದು ನಿಂತಿದ್ದರು. ಒಂದಷ್ಟು ದಿನ ‘ಆಂಟಿ’ ಆದೆ, ಆಮೇಲೆ ‘ಅಕ್ಕ’ ಆದೆ. ಪರೀಕ್ಷೆ ಅರ್ಜಿ ಮೊಬೈಲಿನಲ್ಲಿ ತುಂಬುವುದನ್ನು ಕಲಿಸಿದವರು ಅವರೇ. ಇಂಗ್ಲಿಷ್ ಪತ್ರಿಕೆ ನನಗೆ ಎಲ್ಲಕ್ಕಿಂತ ಗಟ್ಟಿ ಕಡಲೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೂತು ಒಂದೊಂದೇ ಪದ್ಯ ಬಿಡಿಸಿ ಹೇಳಿದವರೂ ಅವರೇ. ಸೀರೆ ಉಟ್ಟು ಬರುವ ದಿನ ಹತ್ತಾರು ಹುಡುಗಿಯರು ಬೆಳಿಗ್ಗೆಯೇ ನನ್ನನ್ನು ಸುತ್ತುವರಿದು ನೆರಿಗೆ ಹಿಡಿಸಿಕೊಳ್ಳುತ್ತಾರೆ. ಎರಡನೇ ವರ್ಷದಲ್ಲಿ ಒಬ್ಬ ಹುಡುಗಿಗೆ ಮನೆಯಲ್ಲಿ ಗಂಡು ಗೊತ್ತು ಮಾಡಿದರು. ಓದು ಬಿಡಿಸುತ್ತಾರೆಂದು ಅಳುತ್ತಿದ್ದಳು. ಅವಳ ಊರಿಗೆ ಹೋಗಿ ಅವಳ ತಾಯಿಯ ಜೊತೆ ಕಟ್ಟೆಯ ಮೇಲೆ ಕೂತು ನನ್ನ ಕಥೆ ಹೇಳಿದೆ, ಪಿಯುಸಿ ಆದ ಮೇಲೆ ಓದು ನಿಂತ ಕಥೆ. ಬೇರೇನೂ ಹೇಳಲಿಲ್ಲ. ಮದುವೆಯನ್ನು ಡಿಗ್ರಿ ಮುಗಿಯುವ ತನಕ ಮುಂದೆ ಹಾಕಿದ್ದಾರೆ. ತರಗತಿಯಲ್ಲಿ ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತರೆ ಇಂಥವೂ ನಡೆಯುತ್ತವೆ.

ಸೇರುವುದಕ್ಕೆ ಹಿಂದೆಮುಂದೆ ನೋಡುತ್ತಿರುವ ಹೆಂಗಸರು, ಗಂಡಸರು ಈ ಪತ್ರ ಓದುತ್ತಿದ್ದರೆ ಅವರಿಗೂ ನಾಲ್ಕು ಮಾತು. ಅಂಕಪಟ್ಟಿ, ಟಿ.ಸಿ. ಹುಡುಕುವ ಕೆಲಸವನ್ನು ಇಂದೇ ಶುರು ಮಾಡಿ, ಪ್ರವೇಶ ಶುರುವಾಗುವ ತನಕ ಕಾಯಬೇಡಿ. ಮನೆಯವರಿಗೆ ‘ಸ್ವಲ್ಪ ಓದ್ಕೋತೀನಿ’ ಎಂದು ಹೇಳಬೇಡಿ, ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ ನೀವು ಸಿಗುವುದಿಲ್ಲ ಎಂದು ಹೇಳಿ. ನಮ್ಮ ಮನೆಯಲ್ಲಿ ಸಂಜೆ ಏಳರಿಂದ ಎಂಟೂವರೆ ನನ್ನದು, ಅಷ್ಟು ಹೊತ್ತು ಮಷೀನೂ ನಿಂತಿರುತ್ತದೆ, ಒಲೆಯ ಮುಂದೆ ನನ್ನ ಗಂಡ ಇರುತ್ತಾರೆ. ಮೊದಲ ಸೆಮಿಸ್ಟರ್ ಭಾರವೆನಿಸುತ್ತದೆ, ಎರಡನೆಯದಕ್ಕೆ ಕೈ ಪಳಗುತ್ತದೆ. ಬಿಡುವುದಾದರೆ ಎರಡನೆಯದು ಮುಗಿಯುವ ತನಕ ಬಿಡಬೇಡಿ.

ಮತ್ತೆ ನಿಮ್ಮ ಕಡೆಗೆ. ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ ಆರಂಭವಾದದ್ದೇ ಈ ಎರಡು ಜಿಲ್ಲೆಗಳ ಮಕ್ಕಳು ಡಿಗ್ರಿಗೆ, ಎಂ.ಎ.ಗೆ ದೂರದ ಊರು ನೋಡಬಾರದೆಂದು. ತೋಳಹುಣಸೆಯ ಆವರಣಕ್ಕೆ ಎಂ.ಎ. ಓದಲು ಹೋಗಬೇಕೆಂಬ ಆಸೆ ನನಗೂ ಇದೆ. ಅಲ್ಲಿಗೆ ಹೋಗುವಷ್ಟು ಗಟ್ಟಿಯಾಗಬೇಕಾದರೆ ನೀವು ಈಗ ನನ್ನನ್ನು ತಿದ್ದಬೇಕು. ಸೆಮಿನಾರ್ ಕೊಡಿ, ಮುಂದಿನ ಬೆಂಚಿನಿಂದ ಎಬ್ಬಿಸಿ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ನಾಳೆ ಓದಿಕೊಂಡು ಬನ್ನಿ ಎನ್ನಿ. ಅಂಕ ಕಡಿಮೆ ಬಂದರೆ ಕಡಿಮೆಯೇ ಹಾಕಿ, ಯಾಕೆ ಎಂದು ಅಂಚಿನಲ್ಲಿ ಬರೆಯಿರಿ. ವಾರ್ಷಿಕೋತ್ಸವದ ವೇದಿಕೆಗೆ ಕರೆಯುವ ಹೊತ್ತನ್ನು ಗ್ರಂಥಾಲಯ ಸಂಜೆ ಒಂದು ಗಂಟೆ ಹೆಚ್ಚು ತೆರೆದಿಡುವುದಕ್ಕೆ ಬಳಸಿ. ಎರಡೂ ಜಿಲ್ಲೆಗಳ ಕೇಂದ್ರಗಳಲ್ಲಿ ಒಂದೊಂದು ಕಾಲೇಜಾದರೂ ಬೆಳಗಿನ ಅಥವಾ ಸಂಜೆಯ ತರಗತಿಗಳ ಬಗ್ಗೆ ಯೋಚಿಸಲಿ. ದುಡಿಯುವ ಗಂಡಸರು ಹಗಲು ತರಗತಿಗೆ ಬರಲಾರದೆ ಹೊರಗೇ ಉಳಿದಿದ್ದಾರೆ, ಅವರ ಪರವಾಗಿಯೂ ಕೇಳುತ್ತಿದ್ದೇನೆ.

ಮುಂದಿನ ಸಾಲಿನ ಪ್ರವೇಶ ಇನ್ನೇನು ಶುರುವಾಗುತ್ತದೆ. ಆ ದಿನಗಳಲ್ಲಿ ಕಚೇರಿಯ ಮುಂದೆ ಒಂದು ಮೇಜು, ಎರಡು ಕುರ್ಚಿ ಹಾಕಿಸಿ ಕೊಡಿ. ಓದಿಗೆ ಮರಳಿ ಬರುವವರ ಅರ್ಜಿ ತುಂಬಿಸಲು, ಯಾವ ಅಫಿಡವಿಟ್ ಎಲ್ಲಿ ಮಾಡಿಸಬೇಕೆಂದು ಹೇಳಲು ನಾನು, ಹರಿಹರದ ತಂಗಿ, ಆ ಮಾಜಿ ಸೈನಿಕರು ಸರದಿಯಂತೆ ಬಂದು ಕೂರುತ್ತೇವೆ. ಸಂಬಳ ಬೇಡ. ನೀರು ಬರುವ ದಿನ ಮಾತ್ರ ನಾನು ಹತ್ತು ಗಂಟೆಯ ಮೇಲೆ ಬರುತ್ತೇನೆ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಬಿ.ಎ. ನಾಲ್ಕನೇ ಸೆಮಿಸ್ಟರ್, ದಾವಣಗೆರೆ